ಪುಸ್ತಕದಲ್ಲಿಲ್ಲದ ಬಂಡೆ

ಬೆಣಚುಕಲ್ಲನ್ನು ಒಂದಕ್ಕೊಂದು ಉಜ್ಜಿದರೆ ಒಂದು ವಾಸನೆ ಬರುತ್ತದೆ. ಸುಟ್ಟ ಕೂದಲಿನದ್ದಲ್ಲ, ಪಟಾಕಿಯದ್ದೂ ಅಲ್ಲ, ಎರಡರ ನಡುವಿನದ್ದು. ಮೊನ್ನೆ ಚನ್ನರಾಯಪಟ್ಟಣ ದಾಟಿ ಹಾಸನಕ್ಕೆ ಬರುವ ಬಸ್ಸಿನಲ್ಲಿ ಕಿಟಕಿ ತೆಗೆದು ಕೂತಿದ್ದೆ. ರಸ್ತೆ ಬದಿಯಲ್ಲಿ ಲಾರಿಯೊಂದು ಜಲ್ಲಿ ಸುರಿಯುತ್ತಿತ್ತು, ಆ ವಾಸನೆ ಒಳಗೆ ಬಂತು. ಪಕ್ಕದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ಬಾಲ್ಯಕ್ಕೆ ಮಲ್ಲಿಗೆಯ, ಹಸಿ ಮಣ್ಣಿನ ಪರಿಮಳ ಇತ್ತು ಅಂತ ಬರೆಯುವವರು ಬರೆದುಕೊಳ್ಳಲಿ, ನನ್ನ ಬಾಲ್ಯಕ್ಕೆ ಇದ್ದದ್ದು ಒಡೆದ ಕಲ್ಲಿನ ವಾಸನೆ. ಅದೀಗ ಕ್ರಷರಿನ ವಾಸನೆಯೂ ಆಗಿಬಿಟ್ಟಿದೆ. ಅದನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಅಪ್ಪ ಹಾಸನದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಅವರ ಹತ್ತಿರ ಬೆನ್ನು ಕಿತ್ತುಹೋಗಿ, ಗೋಣಿದಾರದಲ್ಲಿ ಹೊಲಿದ ಒಂದು ಕೈಪಿಡಿ ಇತ್ತು. ಈ ಸೀಮೆಯ ಕಲ್ಲು ನೋಡಲು ಬರುವವರು ಯಾವ ರಸ್ತೆ ಹಿಡಿಯಬೇಕು, ಎಲ್ಲಿ ಗಾಡಿ ನಿಲ್ಲಿಸಬೇಕು, ಇಳಿದು ಏನು ನೋಡಬೇಕು ಎಂಬುದೆಲ್ಲ ಅದರಲ್ಲಿತ್ತು. ಭಾನುವಾರ ಬಂತೆಂದರೆ ನಮ್ಮ ಹಳೇ ವ್ಯಾನು ಹೊರಡುತ್ತಿತ್ತು. ಮುಂದೆ ಅಪ್ಪ, ಹಿಂದೆ ನಾನು, ಮತ್ತು ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ದೊಡ್ಡಪ್ಪನ ಮಗ ಮಂಜ. ಹೊಳೆನರಸೀಪುರದ ಕಡೆ ಕಾಗೆಬಂಗಾರ ಮಿರುಗುವ ಕಲ್ಲಿನೊಳಗೆ ದಾಳಿಂಬೆ ಬೀಜದಂಥ ಕೆಂಪು ಹರಳುಗಳು ಸಿಗುತ್ತಿದ್ದವು. ದೊಡ್ಡಗದ್ದವಳ್ಳಿಯಲ್ಲಿ ಎಲ್ಲರೂ ಲಕ್ಷ್ಮಿಗೆ ಕೈಮುಗಿಯುತ್ತಿದ್ದರೆ ಅಪ್ಪ ಗೋಡೆಗೆ ಮಸೂರ ಹಿಡಿದು, "ಬಳಪದ ಕಲ್ಲು. ಉಗುರಲ್ಲಿ ಗೀರಬಹುದು. ಗೀರಬೇಡಿ" ಎನ್ನುತ್ತಿದ್ದರು. ನಿಂತಲ್ಲೆಲ್ಲ ಯಾರಾದರೊಬ್ಬರು ಹೊಲ ಬಿಟ್ಟು ಬಂದು ಕೇಳುವ ಪ್ರಶ್ನೆ ಒಂದೇ: "ಚಿನ್ನ ಸಿಕ್ತಾ ಸಾ?" ಇಲ್ಲಪ್ಪಾ, ಸುಮ್ಮನೆ ಕಲ್ಲು ನೋಡುತ್ತಿದ್ದೇವೆ ಎಂದರೆ, "ಕಲ್ಲು ನೋಡಾಕೆ ಪೆಟ್ರೋಲ್ ಆಕಿಸ್ಕಂಡು ಬಂದವ್ರಲ್ಲೋ!" ಅಂತ ಬದುವಿನ ಮೇಲೆ ನಗು. ನಾನು ಹಿಂದಿನ ಸೀಟಿನಿಂದ ವಾದಕ್ಕಿಳಿಯುತ್ತಿದ್ದೆ. ಈ ಕಲ್ಲಿಗೆ ಮುನ್ನೂರು ಕೋಟಿ ವರ್ಷ ಅಂತೀರಲ್ಲ, ಯಾರು ನೋಡಿದ್ದು? ಸಾಕ್ಷಿ ಎಲ್ಲಿ? ಅಪ್ಪನಿಗೆ ಅದೇ ಬೇಕಿತ್ತು; ಅರಕಲಗೂಡು ಬರುವವರೆಗೂ ಸಾಕ್ಷಿ ಹೇಳುತ್ತಿದ್ದರು. ಮಂಜ ಕೇಳುತ್ತಿದ್ದದ್ದು ಬೇರೆ. "ಇದು ಎಷ್ಟು ಗಟ್ಟಿ ಚಿಕ್ಕಪ್ಪ? ಒಡೆದ್ರೆ ಎಂಗೆ ಒಡೀತದೆ?" ಅಪ್ಪ ಖುಷಿಯಿಂದ ನನ್ನ ಕಡೆ ತಿರುಗುತ್ತಿದ್ದರು: "ನೋಡು, ಹುಡುಗ ಪ್ರಶ್ನೆ ಕೇಳೋದು ಹೀಗೆ."

ಕೊನೆಯ ನಿಲ್ದಾಣ ಯಾವತ್ತೂ ಮಲ್ಲಿಪಟ್ಟಣದ ಹತ್ತಿರ, ಅಪ್ಪನನ್ನು ಹೆತ್ತ ಅಜ್ಜಿಯ ಮನೆ. ಅದರ ಹಿತ್ತಲಾಚೆ, ಸರ್ಕಾರದ ಗೋಮಾಳದಲ್ಲಿ, ಊರಿಗೆಲ್ಲ ಸೇರಿದ ಒಂದು ಹಾಸುಬಂಡೆ ಮಲಗಿತ್ತು. ರಾಗಿಹಿಟ್ಟಿಗೆ ಅಕ್ಕಿಹಿಟ್ಟು ಬೆರೆಸಿ ಅರ್ಧಕ್ಕೇ ಕೈಬಿಟ್ಟಂತೆ ಅದರ ಮೈಮೇಲೆ ಕಪ್ಪು ಬಿಳುಪಿನ ಪಟ್ಟೆಗಳು ಸುಳಿದು, ಮಡಿಚಿ, ಮತ್ತೆ ಹೊರಳಿಕೊಂಡಿದ್ದವು. ಯಾವ ಮನೆಯ ರಾಗಿ ಎಲ್ಲಿ ಒಣಗಬೇಕೆಂಬುದನ್ನು ಆ ಪಟ್ಟೆಗಳೇ ತೀರ್ಮಾನಿಸುತ್ತಿದ್ದವು. ನಮ್ಮದು ದಪ್ಪ ಬಿಳಿ ಪಟ್ಟೆಯಿಂದ ಕಪ್ಪು ಮಚ್ಚೆಯವರೆಗೆ. ಅಪ್ಪ ಮಂಡಿಯೂರಿ ಪಾಠ ಶುರುಮಾಡಿದರೆ ಅಜ್ಜಿ ಮೊರ ಹಿಡಿದೇ ಗದರುತ್ತಿದ್ದಳು: "ಲೇ ಮೇಷ್ಟ್ರೇ, ಕಲ್ಲಿನ ವಯಸ್ಸು ಆಮೇಕೆ ಕೇಳೀವಂತೆ, ಮೊದ್ಲು ನನ್ನ ರಾಗಿ ಮ್ಯಾಲಿಂದ ಏಳ್ಲಾ!" ಸಂಜೆ ಬಿಸಿಲಿಳಿದ ಮೇಲೂ ಬಂಡೆ ಬೆಚ್ಚಗಿರುತ್ತಿತ್ತು. ನಾನು, ಮಂಜ ಇಬ್ಬರೂ ಅದರ ಮೇಲೆ ಕಂಬಳಿ ಮುಸುಕು ಹಾಕಿಕೊಂಡು ಬೆಣಚುಕಲ್ಲು ಉಜ್ಜುತ್ತಿದ್ದೆವು. ಕತ್ತಲಲ್ಲಿ ಕಲ್ಲಿನ ಹೊಟ್ಟೆಯೊಳಗೆ ಹಳದಿ ಬೆಳಕು ಮಿಣುಕುತ್ತಿತ್ತು, ಆಮೇಲೆ ಆ ವಾಸನೆ. ಜಿಲ್ಲೆಯಲ್ಲಿ ಇದಕ್ಕಿಂತ ಚೆಂದದ ಬಂಡೆ ಇಲ್ಲ ಎಂಬುದು ಅಪ್ಪನ ಖಚಿತ ಅಭಿಪ್ರಾಯ. ಆದರೆ ಪುಸ್ತಕದಲ್ಲಿ ಅದು ಇರಲಿಲ್ಲ. "ಬರೆದೋರು ಅರಕಲಗೂಡಲ್ಲಿ ಟೀ ಕುಡಿದು ಹಿಂದಕ್ಕೆ ತಿರುಗಿಬಿಟ್ಟಿದ್ದಾರೆ" ಎಂದು ಅಪ್ಪ ಕೊರಗುತ್ತಿದ್ದರು.

ಅಜ್ಜಿ ಹೋದಳು. ಮಂಜ ಕಲ್ಲಿನ ವ್ಯಾಪಾರಕ್ಕಿಳಿದ. ಯಾವ ಗುಡ್ಡದ ಕಲ್ಲು ಹೇಗೆ ಸೀಳುತ್ತದೆ ಎಂದು ನೋಡಿಯೇ ಹೇಳುತ್ತಿದ್ದ. ಹೇಳದೆ ಏನು, ಆರನೇ ಕ್ಲಾಸಿನಿಂದ ಪಾಠವಾಗಿತ್ತಲ್ಲ. ಕಡೆಗೆ ಆ ಹಾಸುಬಂಡೆಯನ್ನೇ ಒಡೆಯಲು ಸರ್ಕಾರದಿಂದ ಗುತ್ತಿಗೆಗೆ ಕೇಳಿದ. ಆಕ್ಷೇಪಣೆ ಇದ್ದವರು ಹೇಳಬಹುದು ಅಂತ ಅಧಿಕಾರಿಯೊಬ್ಬರು ಊರಿನ ಶಾಲೆಯಲ್ಲಿ ಸಭೆ ಕರೆದರು. ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಕೊಬ್ಬಿದ್ದ ಕಾಲ. ಎದ್ದು ನಿಂತು ಊರಿನ ಹಕ್ಕು, ರಾಗಿ, ಭೂಮಿಯ ಇತಿಹಾಸ ಎಲ್ಲವನ್ನೂ ಹೇಳಿದೆ. ಮುನ್ನೂರು ಕೋಟಿ ವರ್ಷ ಎಂದಾಗ ಹಿಂದಿನ ಬೆಂಚಿನಿಂದ ಒಬ್ಬ, "ಅಂಗಾರೆ ಎಕ್ಸ್‌ಪೈರಿ ಆಗೈತೆ ಬುಡವ್ವ!" ಅಂದ. ಸಭೆಯೇ ನಕ್ಕಿತು. ರಾಗಿಯನ್ನು ಆಗಲೇ ಎಲ್ಲರೂ ಟಾರು ರಸ್ತೆಯ ಮೇಲೆ ಒಣಗಿಸುತ್ತಿದ್ದರು. ಮಂಜ ಮಾತ್ರ ನಗಲಿಲ್ಲ. ತಣ್ಣಗೆ ಎದ್ದು ಅಧಿಕಾರಿಗೆ ಹೇಳಿದ: "ಒಂದೇ ಪ್ರಶ್ನೆ ಸಾ. ನೋಡಬೇಕಾದ ಕಲ್ಲೆಲ್ಲ ನಮ್ಮ ಚಿಕ್ಕಪ್ಪನ ಪುಸ್ತಕದಾಗೆ ಅವೆ. ಈ ಬಂಡೆ ಅದ್ರಾಗೆ ಐತಾ? ಅವ್ರನ್ನೇ ಕೇಳಿ."

ಪುಸ್ತಕ ಅಪ್ಪನ ತೊಡೆಯ ಮೇಲಿತ್ತು. "ಇದೆಯಾ ಮೇಷ್ಟ್ರೇ?" ಎಂದರು ಅಧಿಕಾರಿ. ನನ್ನ ನಾಲಿಗೆ ತುದಿಯಲ್ಲಿ ಉತ್ತರ ಸಿದ್ಧವಿತ್ತು: ಪುಸ್ತಕದ ಮೌನ ಸಾಕ್ಷಿಯಲ್ಲ, ಪ್ರಶ್ನೆಯೇ ತಪ್ಪು. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎದ್ದು ನಿಂತಿದ್ದರು. "ಇಲ್ಲ ಸಾರ್. ಇರಬೇಕಿತ್ತು. ಇಲ್ಲ." ಅಧಿಕಾರಿ ಬರೆದುಕೊಂಡದ್ದು 'ಇಲ್ಲ' ಮಾತ್ರ. ನಡುವಿನ ಮಾತು ಶಾಲೆಯ ಗಾಳಿಯಲ್ಲೇ ಉಳಿಯಿತು.

ವಾಪಸು ಬರುವಾಗ ವ್ಯಾನಿನಲ್ಲಿ ಕಿರುಚಾಡಿದೆ. ಸುಮ್ಮನೆ ಇರಬಹುದಿತ್ತಲ್ಲ? "ಅಲ್ಲಿ ಸುಮ್ಮನಿದ್ರೆ ಅದೂ ಸುಳ್ಳೇ ಕಣಮ್ಮ" ಎಂದರು ಅಪ್ಪ. ಅಲ್ಲ ಎಂದೇ ನಾನು ಇವತ್ತಿಗೂ ವಾದಿಸುತ್ತೇನೆ. ಎದುರು ವಾದಿಸಲು ಅವರಿಲ್ಲ. ಆ ದಿನದ ನಂತರ ವ್ಯಾನು ಭಾನುವಾರ ಹೊರಟದ್ದೇ ಇಲ್ಲ. ಗುತ್ತಿಗೆ ಮಂಜನಿಗೇ ಆಯಿತು. ಸಿಡಿಮದ್ದಿಗೆ ಅಜ್ಜಿಮನೆಯ ಗೋಡೆ ಬಿರಿಯಿತು, ಹೆಂಚು ಜಾರಿತು, ಈಗ ಅಲ್ಲಿ ಲಾರಿ ತೂಗುವ ಶೆಡ್ ನಿಂತಿದೆ.

ಅಪ್ಪ ತೀರಿಕೊಂಡ ಮೇಲೆ ಒಮ್ಮೆ ಅಲ್ಲಿಗೆ ಹೋಗಿದ್ದೆ. ಜಗಳ ಆಡಲೆಂದೇ ಹೋದದ್ದು. ಮಂಜ ಕುರ್ಚಿ ಒರೆಸಿ ಕೊಟ್ಟು, ಟೀ ತರಿಸಿದ. ಆಮೇಲೆ ಬಂಡೆ ಇದ್ದ ಜಾಗದಲ್ಲಿ ಬಿದ್ದಿದ್ದ ಹೊಂಡದ ಅಂಚಿಗೆ ಕರೆದುಕೊಂಡು ಹೋಗಿ ಎದುರಿನ ಸೀಳು ಗೋಡೆ ತೋರಿಸಿದ. ಕಪ್ಪು, ಬಿಳುಪು, ನಡುವೆ ನಾವು ಮೇಲಿನಿಂದ ಎಂದೂ ಕಾಣದಿದ್ದ ಗುಲಾಬಿ ಎಳೆ, ತಳದ ಹಸಿರು ನೀರಿನವರೆಗೂ ಸುರುಳಿ ಸುರುಳಿ. "ನೋಡವ್ವ, ಒಳಗೆ ಎಂಗೈತೆ! ಚಿಕ್ಕಪ್ಪ ಇರ್ಬೇಕಿತ್ತು ಕಣೆ" ಎಂದ. ಅವನ ಕಣ್ಣಲ್ಲಿ ನೀರಿತ್ತು. ನಾಟಕ ಅಂತ ಸಾಬೀತು ಮಾಡಲು ನನ್ನಿಂದ ಆಗಲಿಲ್ಲ. ಹಿಂದೆ ಕ್ರಷರ್ ಶುರುವಾಯಿತು. ಕಂಬಳಿಯೊಳಗಿನ ಅದೇ ವಾಸನೆ ಇಬ್ಬರ ಮೇಲೂ ಕವಿಯಿತು.

ಕೈಪಿಡಿ ಈಗ ನನ್ನ ಹತ್ತಿರವಿದೆ. ಬಸ್ಸಿನಿಂದಿಳಿದು ಮನೆಗೆ ಬಂದವಳೇ ಅರಕಲಗೂಡಿನ ಪುಟ ತೆರೆದೆ. ಕೊನೆಯ ನಿಲ್ದಾಣದ ವಿವರ ಮುಗಿದ ಮೇಲೆ ಅರ್ಧ ಪುಟ ಖಾಲಿ. ಅಲ್ಲೊಂದು ತಪ್ಪಿದೆ ಎಂದು ಅಪ್ಪ ಬದುಕಿಡೀ ಕೊರಗಿದರು. ಈಗ ಬಂಡೆಯೂ ಇಲ್ಲ, ಆ ತಪ್ಪೂ ಇಲ್ಲ. ಪುಸ್ತಕ ಸರಿಯಾಗಿದೆ.