ಬಿಸ್ಕೆಟ್ಟಮ್ಮನ ಹಳೇ ಕಾಲ

ನನ್ನ ವಾರಗಿತ್ತಿಯನ್ನು ಬಿಸ್ಕೆಟ್ಟಮ್ಮ ಎಂದರೇ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಾಗುವುದು. ಮದುವೆಗೆ ಮುಂಚೆಯೇ ಬಿಸ್ಕೆಟ್ ಕಾರ್ಖಾನೆಗೆ ಸೇರಿದವಳು, ಕೂದಲು ಬೆಳ್ಳಗಾದ ಮೇಲೆಯೇ ಅಲ್ಲಿಂದ ಬಿಡಿಸಿಕೊಂಡು ಬಂದಳು. ಸಂಜೆ ಅವಳು ಮನೆಗೆ ಬಂದರೆ ಮೊದಲು ಸೀದ ಸಕ್ಕರೆಯ ವಾಸನೆ ಒಳಗೆ ಬರುತ್ತಿತ್ತು, ಆಮೇಲೆ ಅವಳ ಗಂಟಲು, ಕೊನೆಗೆ ಅವಳು. ಇಡೀ ದಿನ ಯಂತ್ರದ ಪಕ್ಕ ನಿಂತು ಅವಳ ಕಿವಿ ಮಂದವಾಗಿತ್ತು. ಅದಕ್ಕೇ ಆ ಗಂಟಲು. ಗುಟ್ಟು ಹೇಳಿದರೂ ಪಕ್ಕದ ಮನೆಯವರು ಗೋಡೆಯಾಚೆಯಿಂದ ಉತ್ತರ ಕೊಡಬೇಕು, ಅಷ್ಟು ಜೋರು. ಒಡೆದ ಬಿಸ್ಕೆಟ್ಟುಗಳನ್ನು ಪೊಟ್ಟಣ ಕಟ್ಟಿ ತರುತ್ತಿದ್ದಳು. ಬಿಸ್ಕೆಟ್ಟು ದುಂಡಗಿರುತ್ತದೆ ಎಂದು ನನ್ನ ಮಕ್ಕಳಿಗೆ ಗೊತ್ತಾಗಿದ್ದು ಶಾಲೆಗೆ ಹೋದ ಮೇಲೆ.

ನಾವಿಬ್ಬರೂ ಅಣ್ಣ ತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ನಾನು ದೊಡ್ಡವಳು. ಒಳಗಿನ ಕೆಲಸ ನನ್ನದು, ಹೊರಗಿನದು ಅವಳದು. ಯಾರೂ ಕೂತು ಹಂಚಿದ್ದಲ್ಲ, ತಾನಾಗಿಯೇ ಹಾಗೆ ಬಿತ್ತು. ಬೆಳಕು ಹರಿಯುವ ಮುಂಚೆ ಅವಳು ಹೊರಟುಬಿಡುವಳು. ಬಾವಿಯ ನೀರು, ಸೌದೆ ಒಲೆ, ಬೀಸುವ ಕಲ್ಲು, ಬಟ್ಟೆ ಒಗೆಯುವ ಬಂಡೆ ನನ್ನ ಪಾಲಿಗೆ. ಅವಳು ಬಂದು ಕಾಲು ಚಾಚಿದರೆ ತಟ್ಟೆ ಮುಂದೆ ಇರುತ್ತಿತ್ತು. ಅದಕ್ಕೆ ನನಗೆ ಯಾವತ್ತೂ ಹೊಟ್ಟೆಕಿಚ್ಚು ಬಂದಿಲ್ಲ. ಅವಳ ಸಂಬಳ ಬರದಿದ್ದರೆ ನಾನು ಒಲೆಯ ಮೇಲೆ ಬರೀ ನೀರು ಇಡಬೇಕಿತ್ತು.

ಕಾಲ ಕಳೆದು ಗಂಡಂದಿರು ಹೋದರು. ಹಳೆಯ ಮನೆ ಹೋಗಿ ಅದೇ ಓಣಿಯಲ್ಲಿ ಎದುರುಬದುರು ಎರಡು ಮನೆಗಳಾದವು. ಕಾರ್ಖಾನೆ ಬಿಟ್ಟ ಬಿಸ್ಕೆಟ್ಟಮ್ಮನಿಗೆ ಕೈಗೆ ಕೆಲಸವಿಲ್ಲ, ಬಾಯಿಗೆ ಬಿಡುವಿಲ್ಲ. ಸೊಸೆ ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ನಿಂತು ಬಂದು ಅಡುಗೆಗೆ ಇಟ್ಟರೆ, ಇವಳು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಶುರು ಮಾಡುವಳು.

"ಗುಂಡಿ ಒತ್ತಿದ್ರೆ ಅನ್ನ, ಗುಂಡಿ ಒತ್ತಿದ್ರೆ ಬಟ್ಟೆ! ಇದೂ ಒಂದು ಕೆಲಸಾನೇನೇ? ನಮ್ಮ ಕಾಲದಲ್ಲಿ ನೀರು ಸೇದಿ ಸೇದಿ ಅಂಗೈಯಲ್ಲಿ ಬೊಬ್ಬೆ. ಹೊಗೆಗೆ ಕಣ್ಣು ಕೆಂಡ. ಬೇಕಾದ್ರೆ ನಿಮ್ಮ ದೊಡ್ಡತ್ತೇನ ಕೇಳು."

ಬೊಬ್ಬೆ ಬಂದದ್ದು ನನ್ನ ಅಂಗೈಗೆ. ನಾನು ಚಹಾ ಕುಡಿಯುತ್ತಾ ಸುಮ್ಮನಿರುತ್ತಿದ್ದೆ. ಹೇಳುವಾಗ ಅವಳ ಮುಖ ನೋಡಬೇಕು, ನನಗೇ ನಿಜ ಅನ್ನಿಸಿಬಿಡುತ್ತಿತ್ತು.

ಆ ಮಾತನ್ನೇ ಒಂದು ದಿನ ಮೊಮ್ಮಗಳು ಫೋನಿನಲ್ಲಿ ಹಿಡಿದು ಟೀವಿಯವರಿಗೆ ಕಳಿಸಿಬಿಟ್ಟಳು. ಈಗಿನ ಒಂದು ಕುಟುಂಬವನ್ನು ಹಳೆಯ ಕಾಲದ ಮನೆಯಲ್ಲಿ ಕೆಲವು ವಾರ ಇಟ್ಟು, ಅವರು ಪಡುವ ಪಾಡನ್ನು ತೋರಿಸುವ ಕಾರ್ಯಕ್ರಮವಂತೆ. ಕರೆಂಟಿಲ್ಲ, ನಲ್ಲಿಯಿಲ್ಲ, ಗ್ಯಾಸಿಲ್ಲ. ಟೀವಿಯವರಿಗೆ ಮಗನೂ ಬೇಡ, ಸೊಸೆಯೂ ಬೇಡ, ಈ ಅಜ್ಜಿ ಬೇಕು. ಅವಳಿಗೋಸ್ಕರ ಇಡೀ ಮನೆಯನ್ನೇ ಆರಿಸಿದರು. ಓಣಿಯೆಲ್ಲ ಕುಣಿಯಿತು. ಬಿಸ್ಕೆಟ್ಟಮ್ಮ ಮಾತ್ರ ನಮ್ಮ ಮನೆಗೆ ಬಂದು, ಬಾಗಿಲು ಹಾಕಿ, ತನ್ನ ಮಟ್ಟಿಗೆ ಮೆಲ್ಲಗೆ ಕೇಳಿದಳು.

"ಅಕ್ಕಾ, ಒಲೆ ಹಚ್ಚೋದು ಹೇಗೆ?"

ನನಗೆ ನಗು ತಡೆಯಲಾಗಲಿಲ್ಲ.

"ನಗಬೇಡಕ್ಕಾ. ಸೊಸೆ ಮುಂದೆ ನನ್ನ ಮಾನ ಹೋಗುತ್ತೆ. ಇಷ್ಟು ವರ್ಷ ಅವಳನ್ನ ಆಡ್ಕೊಂಡಿದೀನಿ. ಇನ್ನು ಆ ಹುಡುಗಿ ನನ್ನ ಬಿಡ್ತಾಳಾ?"

"ಬಿಡಬಾರದು ಕಣೇ. ನಾನಾಗಿದ್ರೆ ಬಿಡ್ತಿರಲಿಲ್ಲ."

ಮಹಡಿಯ ಮೇಲೆ ಇಟ್ಟಿಗೆ ಜೋಡಿಸಿ, ಮುರಿದ ಕುರ್ಚಿಯ ಕಾಲು ಇಟ್ಟು ಕಲಿಸಹೊರಟೆ. ಸಣ್ಣ ಪುಳ್ಳೆ ಮೊದಲು, ದಪ್ಪದ್ದು ಆಮೇಲೆ ಎಂದರೆ ಅವಳು ದಪ್ಪದ್ದನ್ನೇ ತುರುಕುವಳು. ಊದು ಎಂದರೆ ಬೂದಿಯೆಲ್ಲ ನನ್ನ ಮುಖಕ್ಕೆ. ಹೊಗೆ ಎದ್ದದ್ದನ್ನು ನೋಡಿ ಕೆಳಗಿನ ಮನೆಯ ದರ್ಜಿ ಬಕೆಟ್ಟಿನಲ್ಲಿ ನೀರು ಹೊತ್ತು ಓಡಿ ಬಂದು, ಕೇಳದೆಯೇ ಸುರಿದುಬಿಟ್ಟ. ನಮ್ಮ ಪಾಠ ಅಲ್ಲಿಗೆ ಮುಗಿಯಿತು. ಮರುದಿನ ಬೆಳಗ್ಗೆ ವ್ಯಾನು ಬಂತು.

ಮೊದಲ ಸಲ ಟೀವಿಯಲ್ಲಿ ಬಂದ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಫೋನು, ಗಡಿಯಾರ, ಹಲ್ಲುಜ್ಜುವ ಬ್ರಶ್ಶು ಎಲ್ಲ ಕಿತ್ತುಕೊಂಡಿದ್ದರು. ಇದ್ದಿಲ ಪುಡಿಯಿಂದ ಹಲ್ಲುಜ್ಜಿದ ಮೊಮ್ಮಗಳು ಬಾಯಿ ಕಪ್ಪು ಮಾಡಿಕೊಂಡು ಅಳುತ್ತಿದ್ದಳು. ಮೈಕು ಸಿಕ್ಕಿಸಿದ ಹುಡುಗ, "ಅಜ್ಜಿ, ಇಷ್ಟು ಜೋರು ಬೇಡ, ಮೈಕಿದೆ," ಎಂದು ಕೈಮುಗಿಯುತ್ತಿದ್ದ. ಆಮೇಲೆ ಒಲೆಯನ್ನು ತೋರಿಸಿದರು. ನಾನು ಟೀವಿಯ ಹತ್ತಿರಕ್ಕೆ ಸರಿದೆ. ಆದರೆ ಒಲೆಯ ಮುಂದೆ ಕೂತಿದ್ದವಳು ಸೊಸೆ. ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು. ಅವಳು ಕ್ಯಾಮರಾ ಕಡೆ ತಿರುಗಿ, "ಅತ್ತೆ ಹೇಳ್ಕೊಟ್ಟ ಹಾಗೇ ಮಾಡ್ತಿದೀನಿ," ಎಂದಳು. ಪಕ್ಕದಲ್ಲಿ ಬಿಸ್ಕೆಟ್ಟಮ್ಮ ಮೇಸ್ತ್ರಿಯ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಪ್ರತಿ ವಾರ ಅದೇ. ನೀರು ಸೇದುವುದು ಅತ್ತೆ ಹೇಳಿಕೊಟ್ಟದ್ದು, ಜೋಳ ಬೀಸುವುದು ಅತ್ತೆ ಹೇಳಿಕೊಟ್ಟದ್ದು. ಈ ಹುಡುಗಿ ಅವಳನ್ನು ಚುಚ್ಚುತ್ತಿದ್ದಾಳೋ, ಕಾಯುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಮಾತು ನಯವಾಗಿಯೇ ಇತ್ತು, ಆದರೆ ನಯವಾದ ಮಾತಿನಲ್ಲಿ ಎಷ್ಟೆಲ್ಲ ಮುಳ್ಳು ಇಡಬಹುದು ಎಂಬುದು ಮನೆ ತುಂಬ ಹೆಂಗಸರ ನಡುವೆ ಬಾಳಿದವಳಿಗೆ ಗೊತ್ತು.

ಕೊನೆಯ ವಾರ ನೆಂಟರನ್ನು ಕರೆಯುವ ದಿನವಿತ್ತು. ನನ್ನನ್ನು ಕರೆದರು. ಊರಾಚೆ ಒಂದು ಬಯಲಿನಲ್ಲಿ ಆ ಮನೆ. ಗೋಡೆಗೆ ಮಣ್ಣು ಮೆತ್ತಿದ್ದರು, ಹಿಂದೆ ತಗಡಿನ ಮರೆಯಲ್ಲಿ ಜನರೇಟರು ಗುಡುಗುಡು ಅನ್ನುತ್ತಿತ್ತು. ಬಿಸ್ಕೆಟ್ಟಮ್ಮ ಸೊರಗಿದ್ದಳು. ನನ್ನನ್ನು ತಬ್ಬಿಕೊಂಡು, "ಅಕ್ಕಾ, ನೀನು ಇದನ್ನೆಲ್ಲ ದಿನಾ ಮಾಡ್ತಿದ್ಯಾ?" ಎಂದಳು. ಅವಳ ಪಾಲಿಗೆ ಅದು ಪಿಸುಮಾತು. ಅಷ್ಟು ವರ್ಷದಲ್ಲಿ ಅವಳು ಅದನ್ನು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಕಾರ್ಯಕ್ರಮ ನಡೆಸುವ ಹುಡುಗಿ ಚಪ್ಪಾಳೆ ತಟ್ಟಿ ಹೇಳಿದಳು. "ಇವತ್ತು ಸೊಸೆಗೆ ರಜೆ! ಅಜ್ಜಿ ಒಬ್ಬರೇ ಒಲೆ ಹಚ್ಚಿ, ಬಂದ ನೆಂಟರಿಗೆ ಅಡುಗೆ ಮಾಡಿ ಬಡಿಸ್ತಾರೆ."

ಬಿಸ್ಕೆಟ್ಟಮ್ಮನ ಮುಖ ಸಣ್ಣಗಾಯಿತು. ಸೊಸೆ ಥಟ್ಟನೆ ಮುಂದೆ ಬಂದು, "ಅತ್ತೆಗೆ ಕೈ ನೋವು, ನಾನೇ ಮಾಡ್ತೀನಿ," ಎಂದಳು. ಕಾರ್ಯಕ್ರಮದ ಹುಡುಗಿ ಒಪ್ಪಲಿಲ್ಲ. ಜನ ಇದಕ್ಕೇ ಕಾಯುತ್ತಿದ್ದಾರೆ ಎಂದಳು. ಬಿಸ್ಕೆಟ್ಟಮ್ಮ ಒಲೆಯ ಮುಂದೆ ಕೂತು, ಕಡ್ಡಿಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದಳು. ನಾನು ಬಾಯಿ ತೆರೆದರೂ ಕಷ್ಟ, ಮುಚ್ಚಿದರೂ ಕಷ್ಟ. ಸೊಸೆ ನೀರಿನ ತಂಬಿಗೆ ಇಡುವ ನೆಪದಲ್ಲಿ ಬಗ್ಗಿ ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು.

"ಏನು? ಕೆಮ್ಮಬೇಕಾ?" ಬಿಸ್ಕೆಟ್ಟಮ್ಮನ ದನಿ ಬಯಲಾಚೆಗೂ ಕೇಳಿಸಿತು. "ಯಾಕೆ ಕೆಮ್ಮಬೇಕು?"

ಮೈಕಿನ ಹುಡುಗ ಕಿವಿ ಹಿಡಿದುಕೊಂಡ. ಸೊಸೆಯ ಮುಖ ಕೆಂಪಾಯಿತು. "ನೀವು ಕೆಮ್ಮಿದ್ರೆ, ನಿಮಗೆ ಹೊಗೆ ಆಗಲ್ಲ ಅಂತ ನಾನು ಹೇಳೋಣ ಅಂತ, ಅತ್ತೆ..."

ಬಿಸ್ಕೆಟ್ಟಮ್ಮ ಅವಳನ್ನೇ ನೋಡಿದಳು. "ನಿಂಗೆ ಗೊತ್ತಿತ್ತಾ?"

"ಮೊದಲನೇ ದಿನಾನೇ ಗೊತ್ತಾಯ್ತು. ದಪ್ಪ ಕೊರಡು ಇಟ್ಟು ಅದರ ತುದಿಗೆ ಕಡ್ಡಿ ಗೀರಿ ಹಿಡಿದ್ರಲ್ಲ."

"ಮತ್ತೆ ನಾನು ಹೇಳ್ಕೊಟ್ಟೆ ಅಂತ ಯಾಕೆ ಹೇಳ್ತಿದ್ದೆ?"

"ಮತ್ತೇನು ಹೇಳಲಿ? ಊರೆಲ್ಲ ನೋಡ್ತಿತ್ತು. ಮನೇಲಾಗಿದ್ರೆ ನಿಮ್ಮ ಗ್ರಹಚಾರ ಬಿಡಿಸ್ತಿದ್ದೆ."

ಬಿಸ್ಕೆಟ್ಟಮ್ಮ ಕಡ್ಡಿಪೆಟ್ಟಿಗೆಯನ್ನು ಸೊಸೆಯ ಕೈಗಿಟ್ಟು, ಮಣೆಯ ಮೇಲೆ ಸರಿದು ಕೂತು, ಕಾರ್ಯಕ್ರಮದ ಹುಡುಗಿಯತ್ತ ತಿರುಗಿದಳು.

"ನೋಡಮ್ಮ, ಒಲೆ ಹಚ್ಚಿದ್ದು ಈ ನಮ್ಮಕ್ಕ. ನೀರು ಸೇದಿದ್ದೂ ಇವಳೇ. ನಾನು ಬಿಸ್ಕೆಟ್ ಕಾರ್ಖಾನೇಲಿ ಓಡೋ ಬೆಲ್ಟಿನ ಮುಂದೆ ನಿಂತಿದ್ದವಳು. ಬಿಸಿ ಬಿಸ್ಕೆಟ್ ಹಾಗೇ ಬರ್ತಾ ಇರುತ್ತೆ, ಕಪ್ಪಗಾದದ್ದನ್ನ ಬೆರಳಲ್ಲೇ ಎತ್ತಿ ಹಾಕಬೇಕು. ಬೆರಳಿನ ಚರ್ಮ ಸತ್ತು ಹೋಗಿತ್ತು. ಮೂತ್ರಕ್ಕೆ ಹೋಗೋಕೂ ಕೈ ಎತ್ತಿ ಕೇಳಬೇಕು. ಹೊಟ್ಟೇಲಿ ಮಗ ಇದ್ದಾಗಲೂ ನಿಂತೇ ಇದ್ದೆ. ಅದೂ ಹಳೇ ಕಾಲಾನೇ ತಾನೇ? ನಿಮ್ಮ ಈ ಮನೇಲಿ ಅದಕ್ಕೆ ಜಾಗಾನೇ ಇಟ್ಟಿಲ್ವಲ್ಲ!"

ಹುಡುಗಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಆಮೇಲೆ, "ಚೆನ್ನಾಗಿದೆ ಅಜ್ಜಿ, ಆದರೆ ನಮ್ಮ ಕಾರ್ಯಕ್ರಮಕ್ಕೆ ಹೊಂದಲ್ಲ," ಎಂದಳು. ಸೊಸೆ ಒಲೆ ಹಚ್ಚಿದಳು, ನಾನು ಆಲೂಗಡ್ಡೆ ಹೆಚ್ಚಿದೆ. ಬಿಸ್ಕೆಟ್ಟಮ್ಮ ಕಾರ್ಖಾನೆಯ ಕಥೆ ಹೇಳುತ್ತಲೇ ಇದ್ದಳು. ಸೊಸೆ ಊದುವುದನ್ನು ನಿಲ್ಲಿಸಿ ನಿಲ್ಲಿಸಿ, "ಆಮೇಲೆ?" ಎಂದು ಕೇಳುತ್ತಿದ್ದಳು. ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಅವಳಿಗೆ ಇದನ್ನೆಲ್ಲ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಬಾವಿ, ಒಲೆ ಎಂದುಕೊಂಡು ಕೂತಿದ್ದಳಲ್ಲ.

ಟೀವಿಯಲ್ಲಿ ಬಂದಾಗ ಅದಾವುದೂ ಇರಲಿಲ್ಲ. ಬಿಸ್ಕೆಟ್ಟಮ್ಮ ಕಡ್ಡಿಪೆಟ್ಟಿಗೆ ಹಿಡಿದಿದ್ದಾಳೆ, ಉರಿಯುವ ಒಲೆ, ನಾನು ತಟ್ಟೆ ಮುಂದಿಟ್ಟುಕೊಂಡು ತಿನ್ನುತ್ತಿದ್ದೇನೆ. ಅಜ್ಜಿಯ ಕೈರುಚಿ ಇನ್ನೂ ಮಾಸಿಲ್ಲ ಎಂದು ಒಂದು ದನಿ ಹೇಳಿತು. ಅಲ್ಲಿಗೆ ಅವಳು ಬಚಾವಾಗಿದ್ದಳು. ಸುಮ್ಮನಿದ್ದಿದ್ದರೆ ಸಾಯುವವರೆಗೂ ಜಂಬ ಕೊಚ್ಚಿಕೊಳ್ಳಬಹುದಿತ್ತು.

ಮರುದಿನ ತರಕಾರಿಯವಳು ಗಾಡಿ ನಿಲ್ಲಿಸಿ, "ಏನಮ್ಮ, ಈ ವಯಸ್ಸಲ್ಲೂ ಎಂಥಾ ಅಡುಗೆ!" ಎಂದಳು.

"ನಂದಲ್ಲ ಕಣೇ!" ಬಿಸ್ಕೆಟ್ಟಮ್ಮನ ಗಂಟಲು ಓಣಿಯ ತುದಿ ಮುಟ್ಟಿತು. "ಸೊಸೆ ಮಾಡಿದ್ದು! ನಂಗೆ ನೀರು ಕಾಯಿಸೋದೂ ಬರಲ್ಲ! ಟೀವಿಯವರದು ಬರೀ ಸುಳ್ಳು!"

ಹಾಲಿನವನಿಗೂ ಅದನ್ನೇ ಹೇಳಿದಳು, ದರ್ಜಿಗೂ ಹೇಳಿದಳು. ಕೊನೆಗೆ ಕನ್ನಡಕದ ಅಂಗಡಿಗೇ ಹೋಗಿ, ಗಿರಾಕಿಗಳ ಮುಂದೆ, ನನ್ನ ಸೊಸೆ ಹಸಿ ಸೌದೆಯಲ್ಲೂ ಬೆಂಕಿ ಎಬ್ಬಿಸುತ್ತಾಳೆ ಎಂದು ಸಾರಿ ಬಂದಳಂತೆ.

ಆ ಸಂಜೆ ಸೊಸೆ ಚಪ್ಪಲಿ ಕೂಡ ಬಿಚ್ಚದೆ ಸೀದಾ ನಮ್ಮ ಮನೆಗೆ ಬಂದಳು.

"ದೊಡ್ಡತ್ತೆ, ನೀವಾದ್ರೂ ಅತ್ತೆಗೆ ಸ್ವಲ್ಪ ಹೇಳಿ. ಮುಂಚೆ ನಂಗೇನೂ ಬರಲ್ಲ ಅಂತ ಊರಿಗೆಲ್ಲ ಹೇಳ್ತಿದ್ರು, ಈಗ ನಂಗೆ ಎಲ್ಲ ಬರುತ್ತೆ ಅಂತ ಹೇಳ್ತಿದಾರೆ. ಮಾಲೀಕರು ಇವತ್ತು ಒಲೆಯಮ್ಮ ಅಂತ ಕರೆದ್ರು!"

ಬೈಯುತ್ತಿದ್ದಳು, ಆದರೆ ಬಾಯಿಯ ಮೂಲೆಯಲ್ಲಿ ನಗು ನಿಲ್ಲುತ್ತಿರಲಿಲ್ಲ. ಎದುರುಮನೆಯ ಬಾಗಿಲಲ್ಲಿ ಬಿಸ್ಕೆಟ್ಟಮ್ಮ ಕುರ್ಚಿಯ ಮೇಲೆ ಕೂತು, ದಾರಿಯಲ್ಲಿ ಹೋಗುವವರನ್ನು ನಿಲ್ಲಿಸುತ್ತಿದ್ದಳು.