ಕೆಡದ ಲಿಫ್ಟು

ಲಿಫ್ಟ್ ಮೆಕ್ಯಾನಿಕ್ಕು ಸ್ವಂತ ವ್ಯವಹಾರಕ್ಕೆ ಇಳಿದ ದಿನ ಮೊದಲು ಮಾಡಿದ ಕೆಲಸವೆಂದರೆ ಇನ್ನೊಂದು ಫೋನ್ ಕೊಂಡದ್ದು. ಅದನ್ನು ಅಡುಗೆಮನೆಯ ಕಪಾಟಿನಲ್ಲಿ, ಉಪ್ಪಿನ ಡಬ್ಬಿಯ ಪಕ್ಕ ಇಟ್ಟು ಹೆಂಡತಿಗೆ ಹೇಳಿದ: "ಇನ್ಮೇಲೆ ಇದೇ ನಮ್ಮ ಆಫೀಸು. ಲಿಫ್ಟ್ ಕೆಟ್ರೆ ಇದಕ್ಕೇ ಫೋನ್ ಬರುತ್ತೆ. ತಕ್ಷಣ ಎತ್ಬೇಕು."

ಅವಳು ಮೊದಲ ತಿಂಗಳು ಸ್ನಾನಕ್ಕೆ ಹೋಗುವಾಗಲೂ ಅದನ್ನು ಬಚ್ಚಲ ಬಾಗಿಲ ಹೊರಗೆ ಸ್ಟೂಲಿನ ಮೇಲಿಟ್ಟು ಹೋದಳು. ಎರಡು ವರ್ಷವಾಯಿತು. ರಿಪೇರಿಗೆಂದು ಒಂದು ಕರೆಯೂ ಬರಲಿಲ್ಲ. ಸಾಲ ಬೇಕೇ ಎಂದು ಕೇಳುವವರು ಮಾತ್ರ ತಪ್ಪದೆ ಫೋನ್ ಮಾಡುತ್ತಿದ್ದರು.

ಹಾಗೆಂದು ಅವನಿಗೆ ಕೆಲಸವಿರಲಿಲ್ಲ ಎಂದಲ್ಲ. ಲಿಫ್ಟ್ ಕಂಪನಿಯಲ್ಲಿ ಹದಿನಾರು ವರ್ಷ ಕೆಟ್ಟು ನಿಂತ ಲಿಫ್ಟುಗಳ ಹಿಂದೆ ಓಡಿ ಓಡಿ ಅವನಿಗೆ ಸಾಕಾಗಿತ್ತು. ಕೆಡುವ ಮೊದಲೇ ನೋಡಿಕೊಂಡರೆ ಓಡುವ ಪ್ರಮೇಯವೇ ಇಲ್ಲ ಎಂದು ಮೇಲಿನವರಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸರಿ, ನಾನೇ ಮಾಡಿ ತೋರಿಸುತ್ತೇನೆ ಎಂದು ಕೆಲಸ ಬಿಟ್ಟ. "ಬಾಗಿಲು ತೆರೆದೇ ಇರುತ್ತೆ, ಬಾ" ಎಂದು ಮ್ಯಾನೇಜರು ನಕ್ಕು ಕಳಿಸಿದ್ದರು. ಕಂಪನಿಯ ನೀಲಿ ಅಂಗಿ ಇನ್ನೂ ಮಲಗುವ ಕೋಣೆಯ ಮೊಳೆಗೆ ನೇತಾಡುತ್ತಿತ್ತು.

ಅವನ ಕೈಯಲ್ಲಿದ್ದದ್ದು ಮೂರು ಕಟ್ಟಡಗಳು. ಎರಡು ಚಿಕ್ಕವು, ಅವುಗಳಿಂದ ಬರುತ್ತಿದ್ದುದು ಗ್ರೀಸು ಮತ್ತು ಪೆಟ್ರೋಲಿಗೆ ಸರಿಹೋಗುತ್ತಿತ್ತು. ಮನೆ ನಡೆಯುತ್ತಿದ್ದುದು ಮೂರನೆಯದರಿಂದ: ಆರು ಮಹಡಿ, ಇಪ್ಪತ್ತನಾಲ್ಕು ಮನೆ, ಒಂದೇ ಲಿಫ್ಟು. ಪ್ರತಿ ಗುರುವಾರ ಬೆಳಗಿನ ಐದಕ್ಕೆ, ಜನ ಏಳುವ ಮೊದಲೇ ಹೋಗಿ, ಹಗ್ಗ ನೋಡಿ, ಬ್ರೇಕು ನೋಡಿ, ಪ್ರತಿ ಮಹಡಿಯ ಬಾಗಿಲನ್ನೂ ತೆಗೆದು ಒರೆಸಿ, ಆರೂವರೆಗೆಲ್ಲ ಸದ್ದಿಲ್ಲದೆ ಹೊರಬೀಳುತ್ತಿದ್ದ. ಅಲ್ಲಿ ಅವನ ಮುಖ ನೋಡಿದ್ದವರು ಇಬ್ಬರೇ: ಗೇಟಿನ ವಾಚ್‌ಮನ್ನು, ಮತ್ತು ಚೆಕ್ಕಿಗೆ ಸಹಿ ಹಾಕುವ ನಿವಾಸಿಗಳ ಸಂಘದ ಅಧ್ಯಕ್ಷರು.

ಒಂದು ಸೋಮವಾರ ಅಧ್ಯಕ್ಷರು ಅವನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಹೇಳಲು ಅವರಿಗೇ ಮುಜುಗರ.

"ಭಾನುವಾರ ಮೀಟಿಂಗ್ ಇದೆ. ನಿಮ್ಮ ಗುತ್ತಿಗೆ ಮುಂದುವರಿಸೋದೋ ಬಿಡೋದೋ ಅಂತ ಚರ್ಚೆ."

"ಏನಾದ್ರೂ ತಪ್ಪಾಯ್ತಾ ಸಾರ್?"

"ತಪ್ಪೇನಿಲ್ಲ. ಎರಡು ವರ್ಷದಲ್ಲಿ ಲಿಫ್ಟ್ ಒಂದು ಸಲಾನೂ ಕೆಟ್ಟಿಲ್ಲ. ಕೆಡದೇ ಇರೋ ಲಿಫ್ಟಿಗೆ ತಿಂಗಳು ತಿಂಗಳು ಯಾಕೆ ದುಡ್ಡು ಕೊಡ್ಬೇಕು, ಕೆಟ್ಟಾಗ ಯಾರನ್ನಾದ್ರೂ ಕರೆದ್ರಾಯ್ತಲ್ಲ ಅಂತ ಕೇಳ್ತಿದಾರೆ. ನಾನೇನು ಹೇಳ್ಲಿ?"

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಕಟ್ಟಡ ಕೈತಪ್ಪಿದರೆ ಮುಂದಿನ ತಿಂಗಳು ನೀಲಿ ಅಂಗಿಯೇ ಗತಿ.

ಬುಧವಾರ ಕಂಪನಿಯ ಹಳೆಯ ಹಿರಿಯ ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಹೋದ. ಅವನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು. ಎಲ್ಲರೂ ಗುರುಗಳು ಎಂದೇ ಕರೆಯುತ್ತಿದ್ದರು. ಗುರುಗಳು ಟೀ ಹೀರುತ್ತ ಪೂರ್ತಿ ಕೇಳಿಸಿಕೊಂಡರು.

"ಪೆದ್ದ. ಅಷ್ಟು ಚೆನ್ನಾಗಿ ಕೆಲಸ ಮಾಡು ಅಂತ ನಿಂಗ್ಯಾರು ಹೇಳಿದ್ದು? ನಾಲ್ಕನೇ ಮಹಡಿ ಬಾಗಿಲಿನ ಸ್ವಿಚ್ಚಿದೆಯಲ್ಲ, ಅದರ ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡು. ಶನಿವಾರದೊಳಗೆ ಲಿಫ್ಟ್ ನಿಲ್ಲುತ್ತೆ. ಯಾರಿಗೂ ಏನೂ ಆಗಲ್ಲ. ನೀನು ಓಡಿಹೋಗಿ ಹತ್ತು ನಿಮಿಷದಲ್ಲಿ ಸರಿಮಾಡು. ಭಾನುವಾರ ನಿಂಗೆ ಹಾರ ಹಾಕ್ತಾರೆ."

ಬಾಗಿಲು ಸರಿಯಾಗಿ ಮುಚ್ಚಿದೆ ಎಂದು ಲಿಫ್ಟಿಗೆ ತಿಳಿಸುವ ಸ್ವಿಚ್ಚು ಅದು. ಆ ಸೂಚನೆ ಸಿಗದಿದ್ದರೆ ಲಿಫ್ಟು ಇದ್ದಲ್ಲೇ ನಿಲ್ಲುತ್ತದೆ, ಅಷ್ಟೇ.

ಗುರುವಾರ ಬೆಳಿಗ್ಗೆ ಎಂದಿನಂತೆ ಎಲ್ಲ ನೋಡಿದ, ಎಲ್ಲ ಒರೆಸಿದ. ಕೊನೆಗೆ ನಾಲ್ಕನೇ ಮಹಡಿಯ ಬಾಗಿಲು ತೆಗೆದು ಆ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದ. ಬಾಗಿಲು ಮುಚ್ಚಿ, ಚೀಲ ಹೆಗಲಿಗೆ ಹಾಕಿ ಕೆಳಗಿಳಿದು ಗೇಟಿನ ಹತ್ತಿರ ಬಂದ.

"ಏನಣ್ಣ, ಇವತ್ತು ಮೆಟ್ಟಿಲಲ್ಲಿ ಇಳಿದು ಬಂದ್ರಿ?" ವಾಚ್‌ಮನ್ನು ಸುಮ್ಮನೆ ಮಾತಿಗೆ ಕೇಳಿದ. "ಲಿಫ್ಟ್ ಸರಿಯಿಲ್ವಾ?"

ಅವನು ಹಿಂದಿರುಗಿ ಮೆಟ್ಟಿಲ ಕಡೆ ನೋಡಿದ. ಮೆಟ್ಟಿಲಲ್ಲಿ ಇಳಿದದ್ದು ಅವನಿಗೇ ಗೊತ್ತಿರಲಿಲ್ಲ. ಎರಡು ವರ್ಷ ಕೆಲಸ ಮುಗಿಸಿ ಅದೇ ಲಿಫ್ಟಿನಲ್ಲಿ ಇಳಿದು ಬಂದವನ ಕಾಲು ಇವತ್ತು ಅವನನ್ನು ಕೇಳದೆ ಮೆಟ್ಟಿಲ ಕಡೆ ತಿರುಗಿತ್ತು. ತಾನು ಹತ್ತಲು ಹಿಂಜರಿದ ಲಿಫ್ಟಿಗೆ ಇಪ್ಪತ್ತನಾಲ್ಕು ಮನೆಯವರನ್ನು ಬಿಟ್ಟು ಹೊರಟಿದ್ದೆನಲ್ಲ ಎಂದು ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಒಂದು ಸಾಮಾನು ಮರೆತೆ," ಎಂದು ಸುಳ್ಳು ಹೇಳಿ, ಏದುಸಿರು ಬಿಡುತ್ತ ನಾಲ್ಕು ಮಹಡಿ ಹತ್ತಿ ಸ್ಕ್ರೂ ಬಿಗಿ ಮಾಡಿದ. ಆಮೇಲೆ ಲಿಫ್ಟಿನಲ್ಲಿ ಇಳಿದ.

ಮನೆಯಲ್ಲಿ ಹೆಂಡತಿಗೆ ಒಂದನ್ನೂ ಮುಚ್ಚಿಡದೆ ಹೇಳಿದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಬೈದಳು ಕೂಡ, ಆದರೆ ಬೇರೆಯದಕ್ಕೆ.

"ಅಲ್ಲ ರೀ, ಕಳ್ಳರ ಹಾಗೆ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬಂದ್ರೆ ನೀವು ಕೆಲಸ ಮಾಡ್ತೀರ ಅಂತ ಯಾರಿಗೆ ಗೊತ್ತಾಗ್ಬೇಕು? ನಾಳೆ ಎಂಟೂವರೆಗೆ ಹೋಗಿ. ಲಿಫ್ಟ್ ನಿಲ್ಲಿಸಿ, ಬೋರ್ಡ್ ಹಾಕಿ. ಜನ ನೋಡ್ಲಿ."

"ಆಫೀಸಿಗೆ ಹೋಗೋ ಹೊತ್ತು ಕಣೆ. ಬೈತಾರೆ."

"ಬೈಯ್ಲಿ. ಬೈಯೋಕಾದ್ರೂ ಮುಖ ನೋಡ್ಬೇಕಲ್ಲ."

ಶುಕ್ರವಾರ ಎಂಟೂವರೆಗೆ ಪ್ರತಿ ಮಹಡಿಯಲ್ಲೂ 'ಸರ್ವೀಸ್ ನಡೆಯುತ್ತಿದೆ, ಮೆಟ್ಟಿಲು ಬಳಸಿ' ಎಂಬ ರಟ್ಟು ತೂಗುಹಾಕಿದ. ಜನ ಅವನನ್ನು ದುರುಗುಟ್ಟಿ ನೋಡುತ್ತ ಇಳಿದರು. ಒಬ್ಬರು ಹೆಗಲಲ್ಲಿ ಮಗು, ಕೈಯಲ್ಲಿ ಶಾಲೆಯ ಚೀಲ ಹೊತ್ತು, ಬಾಯಿಗೆ ಬಂದ ಹಾಗೆ ಬೈದೇ ಹೋದರು. ಅವನು ಕೆಲಸ ಮುಂದುವರಿಸಿದ.

ಐದನೇ ಮಹಡಿಯ ಅಜ್ಜಿಯೊಬ್ಬರು ತರಕಾರಿ ಚೀಲ ಹಿಡಿದು ಬಂದವರು, ಇಳಿಯಲಾರದೆ ಮೆಟ್ಟಿಲ ಮೇಲೆ ಕೂತರು. ಕೂತವರು ಸುಮ್ಮನಿರಬೇಕಲ್ಲ, ಅದೇನು ಇದೇನು ಎಂದು ಕೇಳತೊಡಗಿದರು. ಅವನು ಬಾಗಿಲಿನ ಸವೆದ ಚಕ್ರವನ್ನು ಬಿಚ್ಚಿ ಅವರ ಅಂಗೈಗೆ ಕೊಟ್ಟ, ಹೊಸದನ್ನೂ ಪಕ್ಕದಲ್ಲಿಟ್ಟ. ಅಜ್ಜಿ ಎರಡನ್ನೂ ಬೆರಳಲ್ಲಿ ಉರುಳಿಸಿ ಉರುಳಿಸಿ ನೋಡಿದರು.

ಭಾನುವಾರದ ಮೀಟಿಂಗಿನಲ್ಲಿ ಎಲ್ಲರಿಗೂ ಅವನ ಗುರುತು ಸಿಕ್ಕಿತು, ಸಿಟ್ಟಿನಿಂದಲೇ. "ಶುಕ್ರವಾರ ನಮ್ಮನ್ನೆಲ್ಲ ಸತಾಯಿಸಿದವರು ಇವರೇ," ಎಂದು ಮಗು ಹೊತ್ತವರು ಶುರು ಮಾಡಿದರು. "ಅರ್ಧ ಗಂಟೆ ಲೇಟಾಯ್ತು ನಂಗೆ."

ಅಜ್ಜಿ ನಡುವೆ ಬಾಯಿ ಹಾಕಿದರು. "ಅಲ್ಲಪ್ಪ, ಇಷ್ಟು ದಿನ ಈ ಕೆಲಸ ಯಾವಾಗ ಮಾಡ್ತಿದ್ದೆ? ನಾನು ನಿನ್ನ ನೋಡೇ ಇಲ್ವಲ್ಲ."

"ಪ್ರತಿ ಗುರುವಾರ ಬೆಳಿಗ್ಗೆ ಐದಕ್ಕೆ, ಅಮ್ಮ."

"ಪ್ರತಿ ವಾರಾನಾ? ಅಷ್ಟು ಬೇಗ ಯಾಕೆ?"

"ನೀವ್ಯಾರೂ ಮೆಟ್ಟಿಲು ಹತ್ತಬಾರದು ಅಂತ."

ಆ ಸ್ಕ್ರೂವಿನ ವಿಷಯ ಅವನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ಮಗು ಹೊತ್ತವರು ತಲೆ ತಗ್ಗಿಸಿ ಉಗುರು ನೋಡಿಕೊಂಡರು. ಅಧ್ಯಕ್ಷರು ಕೈ ಎತ್ತಲು ಹೇಳಿದರು, ಎಣಿಸಿದರು, ಎರಡು ವರ್ಷಕ್ಕೆ ಗುತ್ತಿಗೆ ಮುಂದುವರಿಸಿ ಬರೆದರು. ಮಗು ಹೊತ್ತವರು ಒಂದೇ ಒಂದು ಷರತ್ತು ಸೇರಿಸಿದರು: ಕೆಲಸವನ್ನು ಮೊದಲಿನ ಹಾಗೆ ಬೆಳಗಿನ ಐದಕ್ಕೇ ಮಾಡತಕ್ಕದ್ದು.

ಕಾಗದ ಓದಿ ಹೆಂಡತಿ ಬಿದ್ದು ಬಿದ್ದು ನಕ್ಕಳು. "ಮತ್ತೆ ಕಳ್ಳರ ಹಾಗೇ ಹೋಗ್ಬೇಕಾ?"

"ಹೂಂ. ಈ ಸಲ ಹೇಳಿ ಹೋಗೋದು."

ಅವಳು ಮೊಳೆಯಿಂದ ನೀಲಿ ಅಂಗಿ ತೆಗೆದು, ಗುಂಡಿ ಕಿತ್ತಿಟ್ಟುಕೊಂಡು, ನಾಲ್ಕು ತುಂಡು ಮಾಡಿ ಗ್ರೀಸು ಒರೆಸಲು ಅವನ ಚೀಲದೊಳಗೆ ತುರುಕಿದಳು. ಒಳ್ಳೆಯ ಬಟ್ಟೆ, ಎಣ್ಣೆ ಚೆನ್ನಾಗಿ ಹೀರುತ್ತಿತ್ತು.

ಮುಂದಿನ ಗುರುವಾರ ಐದಕ್ಕೆ ಹೋಗಿ, ಎಲ್ಲ ನೋಡಿ, ಎಲ್ಲ ಒರೆಸಿ, ಚೀಲ ಹೆಗಲಿಗೆ ಹಾಕಿ ಆರನೇ ಮಹಡಿಯಲ್ಲಿ ನಿಂತ. ಒಂದು ಕ್ಷಣ ತನ್ನ ಕಾಲು ಎತ್ತ ತಿರುಗುತ್ತದೆ ಎಂದು ನೋಡಿದ. ಆಮೇಲೆ ಗುಂಡಿ ಒತ್ತಿ, ಬಾಗಿಲು ತೆರೆದ ಮೇಲೆ ಒಳಗೆ ಹೋಗಿ ನಿಂತು, ಕೆಳಗಿಳಿದ.