ಮೂರನೇ ಸಾಲಿನ ನಿಲುಗಡೆ

ಊರಿಗೆ ರೈಲು ಬಂದ ಹೊಸತು. ಬೀದಿಯ ಮೂಲೆಯಲ್ಲಿ ಬೂಟು ಹೊಲಿಯುತ್ತಿದ್ದವನು ಭಾನುವಾರ ಚರ್ಚಿನಲ್ಲಿ, ಕಾಲಿನಿಂದ ತುಳಿದು ಗಾಳಿ ತುಂಬುವ ದೊಡ್ಡ ಹಾರ್ಮೋನಿಯಂ ನುಡಿಸುತ್ತಿದ್ದ. ಪಾದ್ರಿಗಳು ಬರೆದ ಒಂದು ಕೀರ್ತನೆಗೆ ಅವನೇ ಧಾಟಿ ಕಟ್ಟಿದ. ಬೂಟಿನ ಅಟ್ಟೆಗೆ ಮೊಳೆ ಹೊಡೆಯುತ್ತ ಗುನುಗಿಕೊಂಡೇ ಹುಟ್ಟಿದ ಧಾಟಿ ಅದು. ಇಳಿಜಾರಿಗೆ ಬಿದ್ದ ಬಂಡಿಯ ಹಾಗೆ ಎಲ್ಲೂ ನಿಲ್ಲದೆ ಕೊನೆ ಮುಟ್ಟಬೇಕು. ಜೀವಮಾನದಲ್ಲಿ ಅವನು ಕಟ್ಟಿದ್ದು ಅದೊಂದನ್ನೇ.

ಹಾಡಿದ ಮೊದಲ ದಿನವೇ ಎಡವಟ್ಟಾಯಿತು. ಒಳಗೆ ಗಾಳಿಯೂದುವ ತಿದಿಯ ಚರ್ಮ ಎಲ್ಲೋ ಹರಿದಿತ್ತು. ಮೂರನೇ ಸಾಲಿನ ನಡುವೆ ಗಾಳಿ ಮುಗಿದು ಪೆಟ್ಟಿಗೆ ಮೂಕವಾಯಿತು. ಜನ ಬಾಯಿ ತೆರೆದುಕೊಂಡು ಕಾದರು. ಅವನು ದಬದಬ ತುಳಿದು ಸ್ವರ ಹೊರಡಿಸಿದ ಮೇಲೆ ಮುಂದಿನ ಪದ ಎತ್ತಿಕೊಂಡರು. ಧಾಟಿ ಇರುವುದೇ ಹೀಗೆ ಅಂದುಕೊಂಡುಬಿಟ್ಟರು, ಪುಣ್ಯಾತ್ಮರು!

ಮಾರನೆಯ ದಿನ ಬೂಟಿಗೆಂದು ಇಟ್ಟ ಒಳ್ಳೆಯ ಚರ್ಮದಿಂದಲೇ ತಿದಿಗೆ ತೇಪೆ ಹಾಕಿದ. ಏನು ಬಂತು? ಪೆಟ್ಟಿಗೆ ಮುಂದೆ ಹೋಗುತ್ತಿತ್ತು, ಜನ ಅಲ್ಲೇ ನಿಂತಿರುತ್ತಿದ್ದರು. "ನಿಲ್ಲಬೇಡಿ, ನಿಲ್ಲಬೇಡಿ" ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದಕ್ಕೆ ಸಿಕ್ಕಿದ್ದು 'ನಿಲ್ಲಬೇಡಿ ಮೇಷ್ಟ್ರು' ಎಂಬ ಅಡ್ಡಹೆಸರು. ಪಕ್ಕದ ಊರಿನಲ್ಲೂ ಆ ಕೀರ್ತನೆಯನ್ನು ಚೆನ್ನಾಗಿ ನಿಂತು ನಿಂತು ಹಾಡುತ್ತಾರೆಂದು ಗಿರಾಕಿಯೊಬ್ಬ ಹೊಗಳಿದಾಗ ಅವನ ಬೂಟನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ.

"ಸಾಯೋದ್ರೊಳಗೆ ಒಂದೇ ಒಂದ್ಸಲ ನಾನು ಕಟ್ಟಿದ ಹಾಗೆ ಕೇಳ್ಬೇಕು ಕಣೇ," ಎಂದು ಹೆಂಡತಿಯ ಮುಂದೆ ಹಲುಬಿದ.

"ನಿಂತ್ರೆ ನಿಮ್ಮ ಗಂಟೇನ್ರೀ ಹೋಗುತ್ತೆ? ನಂಗಂತೂ ಅಲ್ಲೇ ಉಸಿರು ತಗೊಳ್ಳೋಕಾಗೋದು," ಅಂದಳು ಅವಳು.

"ಸರಿ, ನೀನೂ ಅವರ ಕಡೆನೇ!"

ಆ ಚಳಿಗಾಲ ಅವಳಿಗೆ ಎದೆ ಕಟ್ಟಿ ಹಾಸಿಗೆ ಹಿಡಿಯುವಂತಾಯಿತು. ಅತ್ತಿಗೆ ಬಂದು ಪಕ್ಕದಲ್ಲಿ ಕೂತಾಗ, ಕೆಮ್ಮು ಕೇಳಲಾರದೆ ಅವನು ಚರ್ಚಿಗೆ ಹೋಗಿ ಜನರನ್ನು ಕೂರಿಸಿ ಹಾಡು ತಿದ್ದುತ್ತಿದ್ದ. ಮನೆಯ ಸಂಕಟವನ್ನೆಲ್ಲ ಅವರ ಮೇಲೆ ಕಾರಿದ. ಅವನ ಮುಖ ನೋಡಿ, ಪಾಪ, ಅವರೂ ಈ ಸಲ ಕಲಿತರು.

ಚಳಿ ಕಳೆದು ಬಿಸಿಲು ಬಿದ್ದ ಮೇಲೆ ಅವಳು ಚರ್ಚಿಗೆ ಬಂದಳು. ಹಾರ್ಮೋನಿಯಂ ಮೇಲಿನ ಕನ್ನಡಿಯಲ್ಲಿ ಅವನಿಗೆ ಹಿಂದೆ ನಿಂತವರೆಲ್ಲ ಕಾಣುತ್ತಿದ್ದರು. ಮೂರನೇ ಸಾಲು ಬಂತು. ಒಬ್ಬರೂ ನಿಲ್ಲಲಿಲ್ಲ. ಅಬ್ಬಾ, ಕೊನೆಗೂ! ಅವನ ಮೈ ಜುಮ್ಮೆಂದಿತು. ಅಷ್ಟರಲ್ಲಿ ಹೆಂಡತಿ ಕಂಡಳು. ಉಸಿರಿಗೆಂದು ನಿಂತ ಅವಳನ್ನು ಬಿಟ್ಟು ಹಾಡು ಮುಂದೆ ಹೋಗಿತ್ತು. ಸೇರಿಕೊಳ್ಳಲು ಬಾಯಿ ತೆರೆದಳು, ಆಗಲಿಲ್ಲ. ಪುಸ್ತಕ ಮುಚ್ಚಿ ತಲೆ ತಗ್ಗಿಸಿದಳು.

ಎರಡನೇ ಚರಣದಲ್ಲಿ, ಮೂರನೇ ಸಾಲಿನ ನಡುವೆ, ಅವನೇ ತುಳಿಯುವುದನ್ನು ನಿಲ್ಲಿಸಿ ಕೈ ಎತ್ತಿದ. ಹೊಸದಾಗಿ ಕಲಿತ ಜನ ಹೆಮ್ಮೆಯಿಂದ ಹಾಡುತ್ತಲೇ ಹೋದರು.

ಅವನು ಎದ್ದು ತಿರುಗಿ, ಚರ್ಚು ಎನ್ನುವುದನ್ನೂ ಮರೆತು ಕೂಗಿದ:

"ನಿಲ್ರಯ್ಯಾ! ಇಷ್ಟು ವರ್ಷ ನಿಂತ್ರಿ, ಇವತ್ತೇನು ಧಾಡಿ ನಿಮಗೆ? ಸ್ವಲ್ಪ ನಿಲ್ಲಿ, ಅವಳು ಉಸಿರು ತಗೊಳ್ಳಲಿ!"